ಗೋದಲಿಗೆ ಹೋದ ಕೌದಿ

ನಾವು ಕೌದಿ ಆಯಿ ಎಂದು ಕರೆಯುತ್ತಿದ್ದ ಮುದುಕಿಯ ಬಗ್ಗೆ ದಿನಚರಿಯಲ್ಲಿ ಎರಡು ಸಲ ಬರೆದಿದ್ದೇನೆ. ಪುಣೆಯಲ್ಲಿ ಬಿ.ಎ. ಓದುವಾಗ ಬರೆದದ್ದರಲ್ಲಿ ನಾನು ಏನೂ ಅರಿಯದ ಹುಡುಗಿ. ಹತ್ತು ವರ್ಷದ ನಂತರ ಬರೆದದ್ದರಲ್ಲಿ, ಅರಿತಿದ್ದೆನೋ ಇಲ್ಲವೋ ನೆನಪಿಲ್ಲ ಎಂದಿದೆ. ಎರಡೂ ನನಗೆ ಅನುಕೂಲವಾದ ಮಾತುಗಳೇ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಜತ್ತ ಸಂಸ್ಥಾನ ಹೋಗಿ ಆಗ ಕೆಲವೇ ವರ್ಷಗಳಾಗಿದ್ದವು. ಅಪ್ಪ ನಮ್ಮ ಹಳ್ಳಿ ಸೊರಡಿಯಿಂದ ನನ್ನನ್ನು ಜತ್ತಕ್ಕೆ ಕರೆತಂದು ಕ್ಯಾಥೊಲಿಕ್ ಸಿಸ್ಟರುಗಳ ಶಾಲೆಯ ಬೋರ್ಡಿಂಗಿನಲ್ಲಿ ಬಿಟ್ಟುಹೋದ. ನನ್ನ ಕೊರಳಲ್ಲಿ ಲಿಂಗವಿತ್ತು. ಅದನ್ನು ತೆಗೆ ಎಂದು ಯಾರೂ ಹೇಳಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನಮ್ಮಂಥವರು ನಮ್ಮ ದೇವರನ್ನೇ ನೆನೆಯುತ್ತ ಸುಮ್ಮನೆ ನಿಂತರೆ ಸಾಕಾಗಿತ್ತು. ನಾನು ಬಹಳ ದಿನ ನೆನೆದದ್ದು ಅವ್ವನ ಕೈಯ ರೊಟ್ಟಿಯನ್ನು.

ಶನಿವಾರ ಮಧ್ಯಾಹ್ನ ಸೇವೆಯ ಹೊತ್ತು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಮನೆ. ನನಗೆ ಬಂದದ್ದು ಶಾಲೆಯ ಹಿಂದಿನ ಓಣಿಯ ಮುಸಲ್ಮಾನ ಮುದುಕಿಯ ಮನೆ. ಗಂಡ ಸತ್ತ ಮೇಲೆ ಆಕೆ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಜೋಡಿಸಿ ಊರವರಿಗೆ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ನಾನು ಎರಡು ಕೊಡ ನೀರು ತಂದು, ಕಸ ಗುಡಿಸಿ, ಕಣ್ಣು ಮಂದವಾದ ಆಕೆಗೆ ಸೂಜಿ ಪೋಣಿಸಿಕೊಡಬೇಕು.

"ಇಷ್ಟುದ್ದ ದಾರಾ ಯಾಕ ಬೇ? ಮೈಗಳ್ಳಿ. ನಿನಗ ಗಂಡನ ಮನಿ ಭಾಳ ದೂರ ಸಿಗತೈತಿ ನೋಡು."

"ಎಷ್ಟ ದೂರ ಆಯಿ?"

"ಬಿಜಾಪುರದ ಆಚಿಗೆ."

ಬಿಜಾಪುರದ ಆಚೆಗೆ ಏನಾದರೂ ಇದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಸುಮ್ಮನೆ ದಾರ ತುಂಡು ಮಾಡುತ್ತಿದ್ದೆ.

ಹಾಡು, ನಾಟಕ ಕಲಿಸುತ್ತಿದ್ದ ಸಿಸ್ಟರು ಕರಾವಳಿಯ ಕಡೆಯವರು. ಕೆಲವು ಶನಿವಾರ ಅವರೂ ನನ್ನ ಜೊತೆ ಬಂದು ಆಯಿಯ ಹೊಸ್ತಿಲಲ್ಲಿ ಕೂತು, ಆಕೆ ಹೇಳಿದ ಬೀಸುವ ಪದಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ವರ್ಷದ ಕ್ರಿಸ್‌ಮಸ್ ನಾಟಕದಲ್ಲಿ ಯೇಸುವಿನ ಜನನದ ಕತೆಯನ್ನು ಅದೇ ಧಾಟಿಗೆ ಕೂಡಿಸಿದರು. ಕೂಸು ಹುಟ್ಟಿದ ಕೊಟ್ಟಿಗೆ, ಅಂದರೆ ಗೋದಲಿಯನ್ನು, ಜೋಳದ ಒಣದಂಟು, ಕಣಕಿಯಿಂದ ಕಟ್ಟಿಸಿದರು.

"ಈ ಊರಲ್ಲೇ ಹುಟ್ಟಿದ್ದರೆ ಕೂಸಿಗೆ ಏನು ಹೊದಿಸುತ್ತಿದ್ದರು?" ಎಂದು ಕೇಳಿದರು.

"ಕೌದಿ ರೀ," ಎಂದೆವು ಎಲ್ಲರೂ.

ತರುತ್ತೇನೆಂದು ನಾನೇ ಮುಂದಾದೆ. ಆಯಿ ತಾನು ಹೊದೆಯುವ ಕೌದಿಯನ್ನೇ ಮಡಚಿ ಕೊಟ್ಟಳು.

"ಯಾರ ಕೂಸಿಗೆ?"

"ಮರಿಯಮ್ಮನ ಕೂಸಿಗೆ."

"ಮರಿಯಮ್ ಬೀಬಿ ನಮಗೂ ಗೊತ್ತು. ಒಯ್ಯಿ. ಹಬ್ಬದ ಮರದಿನ ತಂದುಕೊಡು. ಥಂಡಿ ಭಾಳ ಬಿದ್ದೈತಿ."

ನಾಟಕ ನೋಡಲು ಅರ್ಧ ಊರು ಬಂದಿತ್ತು. ಬೀಸುವ ಪದದ ಧಾಟಿ ಕೇಳಿ ಹೆಂಗಸರು ತಾವೂ ಗುನುಗಿದರು. ಕೌದಿ ತಂದವರು ಯಾರೆಂದು ಕೇಳಿದಾಗ ಸಿಸ್ಟರು ನನ್ನನ್ನು ಮುಂದೆ ನಿಲ್ಲಿಸಿದರು. ಅಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಗೊತ್ತಾಯಿತು, ಕೂಸನ್ನು ಕಾಣಲು ಬಂದ ಮೂರು ಅರಸರ ಹಬ್ಬ ಮುಗಿಯುವತನಕ ಗೋದಲಿಯನ್ನು ಬಿಚ್ಚುವುದಿಲ್ಲವಂತೆ. ಇನ್ನೂ ಹನ್ನೆರಡು ದಿನ. ಸಿಸ್ಟರು ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು:

"ಆಯಿಗೆ ಹೊದೆಯಲು ಬೇರೆ ಇದೆಯಲ್ಲವಾ?"

"ಐತ್ರಿ ಸಿಸ್ಟರ್. ನಾಕೈದು ಅದಾವ."

ಸುಳ್ಳಲ್ಲ. ಆಯಿಯ ಗೋಡೆಗೆ ಆನಿಸಿ ನಾಲ್ಕೈದು ಕೌದಿ ಮಡಚಿಟ್ಟದ್ದನ್ನು ನಾನು ಕಂಡಿದ್ದೆ. ಅದೇ ದಿನ ಅಪ್ಪ ಗಾಡಿ ತಂದ. ರಜೆಗೆ ಸೊರಡಿಗೆ ಹೋಗಿ, ಅವ್ವನ ಪಕ್ಕದಲ್ಲಿ ಎರಡು ಕೌದಿ ಹೊದ್ದು ಮಲಗಿದೆ.

ಮೂರು ಅರಸರ ಹಬ್ಬ ಮುಗಿದ ಮೇಲೆ ಕೌದಿಯನ್ನು ಎದೆಗವಚಿಕೊಂಡು ಹೋದೆ. ಆಯಿ ಗೋಣಿಚೀಲ ಹೊದ್ದು ಮಲಗಿದ್ದಳು. ಆ ನಾಲ್ಕೈದು ಕೌದಿ ಗೋಡೆಯ ಹತ್ತಿರ ಇದ್ದ ಹಾಗೇ ಇದ್ದವು. ಅವುಗಳ ಮೇಲೆ ಧೂಳು ಕೂಡದಂತೆ ಬಿಳಿಯ ಅರಿವೆಯೊಂದನ್ನು ಹೊದಿಸಿದ್ದಳು. ಗಂಜಿ ತಂದಿದ್ದ ನೆರೆಮನೆಯ ಹೆಂಗಸು ನನ್ನ ಕಡೆ ನೋಡದೆ ಹೇಳಿದಳು:

"ಹೇಳಿ ಹೇಳಿ ಸಾಕಾತು. ಒಂದ ತಗದು ಹೊಚ್ಚಕೊ ಅಂದ್ರ, ಅವು ಮಂದಿ ಕೌದಿ ಅಂತಾಳ."

ಆಯಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕೌದಿಯನ್ನು ಮೂಸಿದಳು.

"ಬಂತೇನ? ಕೂಸು ಉಚ್ಚಿ ಹೊಯ್ದಿಲ್ಲ ಹೌದಿಲ್ಲೋ?"

ನಾನು ಓಡಿಹೋಗಿ ಸಿಸ್ಟರಿಗೆ ಹೇಳಿದೆ. ಸಿಸ್ಟರು ಓಡಿಬಂದು ಔಷಧ ಕೊಟ್ಟರು, ಎದೆಗೆ ಶಾಖ ಕೊಟ್ಟರು. ಸಂಕ್ರಾಂತಿಯ ಎಳ್ಳು ಹಂಚುವ ಹೊತ್ತಿಗೆ ಆಯಿ ಇರಲಿಲ್ಲ. ಥಂಡಿಯಿಂದಲೇ ಸತ್ತಳೋ, ವಯಸ್ಸಿನಿಂದಲೋ, ಹೇಳುವವರಿಲ್ಲ. ಆ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ.

ಉತ್ತರ ಇರುವುದು ಇನ್ನೊಂದಕ್ಕೆ. ಪುಣೆಯಲ್ಲಿ ಬರೆದ ಪ್ರಕಾರ 'ಮಂದಿ ಕೌದಿ' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆ ನೆರೆಯ ಹೆಂಗಸಿನ ಬಾಯಲ್ಲಿ. ಆದರೆ ನನಗೆ ಒಂದು ಬೆಲ್ಲದ ರುಚಿಯೂ ನೆನಪಿದೆ. ಆಯಿ ಕೌದಿಯ ಕಡೆಯ ಮೂಲೆ ಹೊಲಿಯುವ ಮೊದಲು ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟು ಮುಚ್ಚುತ್ತಿದ್ದಳು. "ಕೌದಿ ಹಸಕೊಂಡು ಮನಿ ಬಿಡಬಾರದು," ಎನ್ನುತ್ತಿದ್ದಳು. ಉಳಿದ ಬೆಲ್ಲ ನನಗೆ. ಅದನ್ನು ಚೀಪುತ್ತ ನಾನು ಹೊಸ ಕೌದಿಯ ಮೇಲೆ ಉರುಳಲು ಹೋದಾಗ ಆಕೆ ನನ್ನ ತೋಳು ಹಿಡಿದು ಎಬ್ಬಿಸಿದಳು.

"ಏಳು. ಇದರ ಮ್ಯಾಲೆ ಮೊದಲ ಇದರ ಧಣಿ ಮಲಗಬೇಕು. ನಾವು ಮಲಗಿದ್ರ ಅವರ ನಿದ್ದಿ ಕದ್ದಂಗ."

ಇದು ಯಾವಾಗ ನಡೆಯಿತು? ಹಬ್ಬದ ನಂತರ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಹಬ್ಬದ ನಂತರ ಆಯಿ ಸೂಜಿ ಹಿಡಿಯಲೇ ಇಲ್ಲ. ನನ್ನ ತೋಳು ಹಿಡಿದು ಎಬ್ಬಿಸುವ ಶಕ್ತಿಯೂ ಆಕೆಗೆ ಇರಲಿಲ್ಲ. ಅಂದಮೇಲೆ ಅದು ಮೊದಲೇ ನಡೆದದ್ದು. ಪಡಸಾಲೆಯಲ್ಲಿ ಸಿಸ್ಟರು ಕೇಳಿದಾಗ, ಆ ನಾಲ್ಕೈದು ಕೌದಿ ಯಾರವು ಎಂದು ನನಗೆ ಗೊತ್ತಿತ್ತು.

ಮರುವರ್ಷ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ಬೀಸುವ ಪದದ ವಹಿಯನ್ನು ಚೀಲದಿಂದ ತೆಗೆದು, ನೋಡಿ, ಮತ್ತೆ ಒಳಗಿಟ್ಟರು.

"ನಾನೇ ಹೋಗಿ ನೋಡಬೇಕಿತ್ತು. ನಿನ್ನಂಥ ಸಣ್ಣ ಹುಡುಗಿಯನ್ನು ಕೇಳಿ ಸುಮ್ಮನಾದೆ. ದಿನಾ ಪ್ರಾರ್ಥನೆಯಲ್ಲಿ ಅದನ್ನೇ ಹೇಳಿಕೊಳ್ಳುತ್ತೇನೆ," ಎಂದರು.

ಬಸ್ಸು ಬಂತು. ಅವರ ಟ್ರಂಕಿನ ಒಂದು ಹಿಡಿ ನಾನು ಹಿಡಿದೆ, ಇನ್ನೊಂದು ಅವರು ಹಿಡಿದರು. ಬಸ್ಸಿನ ಬಾಗಿಲತನಕ ಮಾತಾಡಲು ಸಾಕಷ್ಟು ದೂರವಿತ್ತು. "ಸಾವಕಾಶ ಹೋಗ್ರಿ ಸಿಸ್ಟರ್," ಎಂದಷ್ಟೇ ಹೇಳಿದೆ.