ಬೇವು ಕಹಿಯಾಗದ ದಿನ

ಮೈಸೂರಿನ ರೈಲು ನಂಜನಗೂಡಿಗೇ ಬಂದು ನಿಲ್ಲುತ್ತಿದ್ದ ಕಾಲ ಅದು. ತಿರುಮಕೂಡಲಿನ ಹತ್ತಿರದ ಹಳ್ಳಿಯೊಂದರಲ್ಲಿ ಚಿಕ್ಕಬಸಮ್ಮ ಎಂಬ ಹೆಣ್ಣುಮಗಳಿದ್ದಳು. ಮದುವೆಯಾಗಿ ಬಂದು ವರ್ಷಗಳಾಗಿದ್ದರೂ ಅತ್ತೆ ಪುಟ್ಟಗೌರಮ್ಮನ ಬಾಯಲ್ಲಿ ಅವಳಿನ್ನೂ 'ಮೂಗೂರಿನವಳು'. ಸಾರಿಗೆ ಉಪ್ಪು ಹೆಚ್ಚಾದರೂ ಮೂಗೂರು, ಕಡಿಮೆಯಾದರೂ ಮೂಗೂರು. ಗಂಡ ಬೋರಯ್ಯ ಮಾತ್ರ ಅವಳು ಮಾಡಿದ್ದನ್ನು ತಟ್ಟೆ ನೆಕ್ಕಿ ಏಳುತ್ತಿದ್ದ. ಆ ಮನೆಯಲ್ಲಿ ಅವಳಿಗಿದ್ದ ಆಸರೆ ಅಷ್ಟೇ.

ಆ ಆಷಾಢದಲ್ಲಿ ಕೂಡಲಿನ ಎರಡು ಹೊಳೆಗಳೂ ಕೆಂಪಗೆ ತುಂಬಿ ಹರಿದವು. ಬಲೆ ಬಿಡುವ ಮಾತೇ ಇಲ್ಲ. ಮೀನಿಲ್ಲದೆ ಬೋರಯ್ಯನಿಗೆ ಮುದ್ದೆ ಇಳಿಯದು. ಚಿಕ್ಕಬಸಮ್ಮ ನಂಜನಗೂಡಿನ ಸಂತೆಯಿಂದ, ಘಟ್ಟದ ಕೆಳಗಿಂದ ಬಂದ ಒಣಮೀನು ತಂದಳು. ತಲೆ ತೆಗೆದು, ಹೊಟ್ಟೆ ಸೀಳದೆ ಒಣಗಿಸಿದ ದಪ್ಪ ಮೀನು. ಹೊಳೆಮೀನನ್ನು ಕತ್ತಲಲ್ಲೂ ಗುರುತಿಸಬಲ್ಲವಳಿಗೆ ಕಡಲಮೀನಿನ ಪರಿಚಯವಿರಲಿಲ್ಲ. ಒಳಗೆ ಮೊಟ್ಟೆಯಿತ್ತು. ಗಂಡನಿಗೆ ಇಷ್ಟವೆಂದು ಅದಷ್ಟನ್ನೂ ಅವನ ತಟ್ಟೆಗೇ ಬಡಿಸಿದಳು. ಉಳಿದ ಸಾರನ್ನು ಅತ್ತೆ ಗಡಿಗೆ ಸಮೇತ ಎದುರು ಮನೆಯಲ್ಲಿದ್ದ ತನ್ನ ಮಗಳು ಚಾಮುಂಡಮ್ಮನಿಗೆ ಕೊಟ್ಟು ಬಂದಳು.

ಉಂಡೆದ್ದ ಬೋರಯ್ಯ ಹುಲ್ಲು ಹಿರಿಯಲು ಮೆದೆಯ ಹತ್ತಿರ ಹೋದವನು ಅಲ್ಲೇ ಕುಸಿದ.

"ತುಟಿಯೆಲ್ಲ ಜುಮ್ಮಂತದೆ ಕಣವ್ವ. ಕಾಲು ನಂದೇ ಅಲ್ಲ ಅನ್ನಂಗದೆ."

"ಅಯ್ಯೋ, ಮೆದೇಲಿ ಹುಳ ಮುಟ್ಬುಡ್ತಲ್ಲಪ್ಪೋ!" ಎಂದು ಪುಟ್ಟಗೌರಮ್ಮ ಬೊಬ್ಬೆ ಹಾಕಿದಳು. ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ.

ಹಾವಿನ ಮದ್ದು ಬಲ್ಲ ಕರಿಯಪ್ಪ ಬಂದು ಒಂದು ಹಿಡಿ ಬೇವಿನಸೊಪ್ಪು ಅಗಿಯಲು ಕೊಟ್ಟ. ಕಹಿಯಾದರೆ ಭಯವಿಲ್ಲ, ಕಹಿಯಾಗದಿದ್ದರೆ ವಿಷ ಏರಿದೆ ಎಂದೇ ಆ ಸೀಮೆಯ ಲೆಕ್ಕ.

"ಕಯ್ಯಾಯ್ತೇನ್ಲಾ?"

"ಇಲ್ಲ ಕಣಣ್ಣ... ಹುಲ್ಲು ತಿಂದಂಗದೆ."

"ಆಗಲಕಾಯ್ನೇ ಬೆಲ್ಲದಂಗೆ ತಿನ್ನೋನು ಇವ್ನು, ಇನ್ನೊಂದಿಡಿ ಕೊಡಿ," ಎಂದ ಪಕ್ಕದ ಮನೆಯ ಮರಿಸ್ವಾಮಿ. ಕರಿಯಪ್ಪ ಬೋರಯ್ಯನ ತೊಡೆಗೆ ಹಗ್ಗ ಬಿಗಿದ. ಹಿಮ್ಮಡಿಯ ಹಳೆಯ ಮುಳ್ಳುಗಾಯವನ್ನೇ ಹಲ್ಲಿನ ಗುರುತೆಂದು ಬಗೆದು, ಕುಯ್ದು ರಕ್ತ ಬಿಡಲು ಕತ್ತಿ ಮಸೆಯತೊಡಗಿದ.

ಚಿಕ್ಕಬಸಮ್ಮನ ತುಟಿಯೂ ಆಗಿನಿಂದ ಜುಮ್ಮೆನ್ನುತ್ತಿತ್ತು. ಉಪ್ಪು ನೋಡಲು ಸೌಟಿನ ಸಾರು ನೆಕ್ಕಿದ್ದಳು. ಸೆರಗಿನ ಮರೆಯಲ್ಲಿ ಬೇವಿನ ಎಲೆಯೊಂದನ್ನು ಅಗಿದು ನೋಡಿದಳು. ಕಹಿಯಿಲ್ಲ. ಅವಳನ್ನು ಯಾವ ಹುಳವೂ ಮುಟ್ಟಿರಲಿಲ್ಲ.

ಸುಮ್ಮನಿದ್ದರೆ ತಪ್ಪೆಲ್ಲ ಹಾವಿನದು. ಬಾಯಿಬಿಟ್ಟರೆ ಗಂಡನಿಗೆ ವಿಷವಿಕ್ಕಿದವಳು ತಾನು. ಆದರೆ ಎದುರು ಮನೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದ ಚಾಮುಂಡಮ್ಮನ ದನಿ ಕೇಳಿಸಿತು.

"ಕರಿಯಣ್ಣ, ಕುಯ್ಬ್ಯಾಡಿ! ನಂಗೂ ಬೇವು ಕಯ್ಯಾಗ್ತಿಲ್ಲ. ಹುಳ ಅಲ್ಲ, ನಾನು ಮಾಡಿದ್ ಸಾರು!" ಎಂದವಳೇ ಬೀದಿ ದಾಟಿ ಓಡಿ, ನಾದಿನಿಯ ಸಾರಿನ ಗಡಿಗೆಯನ್ನು ಒದ್ದು ಚೆಲ್ಲಿದಳು.

"ನಿನ್ ಕಾಲ್ ಸೇದೋಗ! ಉಣ್ಣೋದ್ನ ಒದೀತೀಯೇನೇ?" ಎಂದು ಚಾಮುಂಡಮ್ಮ ಜುಟ್ಟು ಹಿಡಿದಳು. ಮಕ್ಕಳು ಬರಿಯ ಮುದ್ದೆಯನ್ನು ಹಿಡಿದು ಪಿಳಿಪಿಳಿ ನೋಡಿದವು. ಸಾರು ಇನ್ನೂ ಬಡಿಸಿರಲಿಲ್ಲ.

ಕರಿಯಪ್ಪ ಹಗ್ಗ ಬಿಚ್ಚಿದ. ಕೆಲವು ಕಡಲಮೀನಿನ ನಂಜು ಮೊಟ್ಟೆಯಲ್ಲೇ ಹೆಚ್ಚೆಂದು ಕೇಳಿಬಲ್ಲೆನೆಂದ, ಆದರೆ ಆ ನಂಜಿಗೆ ಅವನಲ್ಲಿ ಮದ್ದಿರಲಿಲ್ಲ. ಬೋರಯ್ಯನ ಕೈಕಾಲು ನಿಂತವು, ಮಾತು ನಿಂತಿತು, ಉಸಿರು ನೂಲಿನೆಳೆಯಷ್ಟಾಯಿತು. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯ ಜೊಲ್ಲು ಒರೆಸುತ್ತ ಚಿಕ್ಕಬಸಮ್ಮ ಕದಲದೆ ಕೂತಳು. ಪುಟ್ಟಗೌರಮ್ಮ ಮಗನ ಮೈಮೇಲೆ ಬಿದ್ದು, "ಬೇಕಂತ್ಲೇ ಇಕ್ಕವ್ಳೆ ಕಣ್ರಪ್ಪೋ, ಮೊಟ್ಟೆಯೆಲ್ಲ ಇವನೊಬ್ಬನ ತಟ್ಟೆಗೇ ಹಾಕವ್ಳೆ!" ಎಂದು ಊರಿಗೆಲ್ಲ ಕೇಳುವಂತೆ ಅತ್ತಳು.

ಬೋರಯ್ಯ ಸಾಯಲಿಲ್ಲ. ಮಾರನೆಯ ಹಗಲು ಬೆರಳಾಡಿಸಿದ, ಸಂಜೆಗೆ ನೀರು ಕುಡಿದ. ಹೆಣದಂತೆ ಬಿದ್ದಿದ್ದಾಗಲೂ ಅವನಿಗೆ ಎಲ್ಲರ ಮಾತೂ ಕೇಳಿಸಿತ್ತು. ನಾಲಿಗೆ ತಿರುಗಿದೊಡನೆ ಹೆಂಡತಿಯನ್ನು ಕೇಳಿದ್ದು ಒಂದೇ:

"ಮೊಟ್ಟೆನೆಲ್ಲ ನನ್ ತಟ್ಟೆಗೇ ಯಾಕಾಕ್ದೆ?"

"ನಿಮಗಿಷ್ಟ ಅಂತ," ಎಂದಳು ಚಿಕ್ಕಬಸಮ್ಮ. ಅವನು ಅವಳ ಮುಖ ನೋಡದೆ ಗೋಡೆಯ ಕಡೆಗೆ ಹೊರಳಿದ.

ಅಂದಿನಿಂದ ಬಡಿಸಿದ ತಟ್ಟೆಯ ಮೊದಲ ತುತ್ತನ್ನು, ಗಂಡನೆದುರು, ಅತ್ತೆಯೆದುರು ಅವಳೇ ನುಂಗಿ ತೋರಿಸುತ್ತಿದ್ದಳು. ಗಂಡನಿಗಿಂತ ಮುಂಚೆ ಹೆಂಡತಿ ಉಣ್ಣುವುದು ಆ ಊರಿನಲ್ಲಿ ಎಲ್ಲೂ ಇರಲಿಲ್ಲ. ಹಾಗೆ ಮಾಡೆಂದು ಬೋರಯ್ಯ ಒಮ್ಮೆಯೂ ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.