'ನೀವು' ಎನ್ನುತ್ತಿದ್ದ ಒಬ್ಬನೇ ಒಬ್ಬ

ಏಳನೇ ವಯಸ್ಸಿಗೆ ಸೊಲಾಂಜ್ ಒಂದು ಸಿನಿಮಾದಲ್ಲಿ ಬ್ರೆಡ್ ಅಂಗಡಿಯವನ ಮಗಳಾಗಿ ಅತ್ತಳು. ಇಡೀ ಫ್ರಾನ್ಸ್ ಅವಳ ಜೊತೆ ಅತ್ತಿತು. ಹನ್ನೆರಡಕ್ಕೆ ಉದ್ದುದ್ದ ಬೆಳೆದಳು, ಹಲ್ಲು ಮುಂದೆ ಬಂತು, ಸಿನಿಮಾಕ್ಕೆ ಕರೆಯುವವರು ಇಲ್ಲವಾದರು. ದನಿ ಮಾತ್ರ ಕೆಡಲಿಲ್ಲ. ಅದನ್ನೇ ನಂಬಿ ಪ್ಯಾರಿಸ್ಸಿನ ಪಕ್ಕದ ಬುಲೋನಿನಲ್ಲಿರುವ ನಮ್ಮ ಡಬ್ಬಿಂಗ್ ಸ್ಟುಡಿಯೋಗೆ ಬಂದಳು. ಇಪ್ಪತ್ತೆಂಟು ವರ್ಷದಿಂದ ಅದೆಷ್ಟೋ ಅಮೆರಿಕದ ನಟಿಯರು ಅವಳ ದನಿಯಲ್ಲೇ ಫ್ರೆಂಚ್ ಮಾತಾಡುತ್ತಾರೆ. ಗಾಜಿನ ಈಚೆ ಕೂತು ಧ್ವನಿ ಹಿಡಿಯುವವನು ನಾನು.

ಐವತ್ತು ದಾಟಿದರೂ ಊರಿಗೆಲ್ಲ ಅವಳು ಪುಟ್ಟಿಯೇ. ಮಾಂಸದಂಗಡಿಯವನು ಕೂಡ, "ಏನ್ ಪುಟ್ಟೀ, ಇವತ್ತು ಅಳಲ್ವಾ ನೀನು?" ಅನ್ನುತ್ತಾನೆ. ಗುರುತಿಲ್ಲದವರೂ 'ನೀನು'. ನಾನೂ ಅಷ್ಟೇ. 'ನೀವು' ಎನ್ನುತ್ತಿದ್ದವನು ರೆಜಿಸ್ ಒಬ್ಬನೇ. ಹನ್ನೊಂದು ವರ್ಷ ನಾಯಕರ ದನಿಯಾಗಿ ಅವಳ ಪಕ್ಕ ನಿಂತ ವಿಧುರ. ಮೈಕಿನ ಮುಂದೆ ನಲವತ್ತು ಸಲ ಮದುವೆಯಾಗಿದ್ದರು, ಕಾಫಿ ಯಂತ್ರದ ಮುಂದೆ ಮತ್ತೆ, "ಸಕ್ಕರೆ ಹಾಕ್ಲಾ ನಿಮಗೆ?"

ಅವನು ಕೆಲಸ ಬಿಟ್ಟು ದೂರದ ಕಡಲೂರು ಬ್ರೆಸ್ಟಿಗೆ, ಅಕ್ಕನ ಹತ್ತಿರ ಹೊರಟಿದ್ದಾನೆಂದು ತಿಳಿದಾಗ ಸೊಲಾಂಜ್ ನನ್ನ ಹತ್ತಿರ ಬಂದಳು.

"ಅವರನ್ನ ಬಿಟ್ಟಿರೋಕಾಗಲ್ಲ ಕಣೋ. ಆದ್ರೆ ಆ 'ನೀವು' ಮರ್ಯಾದೆಗೋ, ದೂರ ಇಡೋಕೋ? ತಲೆ ಕೆಟ್ಟುಹೋಗಿದೆ."

"ಕೇಳಿಬಿಡು ಮಾರಾಯ್ತಿ."

"ಕೇಳಿದ್ಮೇಲೆ ಅವರೂ 'ನೀನು' ಅಂದ್ಬಿಟ್ರೆ? ಅದೂ ಬೇಡ ನಂಗೆ. ನನ್ನ ಪುಟ್ಟಿ ಮಾಡದವರು ಅವರೊಬ್ರೇ."

ನನಗೆ ತಲೆಬುಡ ಅರ್ಥವಾಗಲಿಲ್ಲ.

ಶುಕ್ರವಾರ ಅವರಿಬ್ಬರ ಕೊನೆಯ ಚಿತ್ರ. ಇಂಗ್ಲಿಷಿನವರಿಗೆ ನೀನೂ ನೀವೂ ಒಂದೇ. ಫ್ರೆಂಚಿನಲ್ಲಿ ಎರಡೂ ಬೇರೆ, ಎಲ್ಲಿ 'ನೀವು' 'ನೀನು' ಆಗಬೇಕೆಂದು ನಾವೇ ತೀರ್ಮಾನಿಸಬೇಕು. ನಿರ್ದೇಶಕಿ ಓಡೀಲಳ ಲೆಕ್ಕದಲ್ಲಿ ಮೊದಲ ಮುತ್ತಿನ ತನಕ 'ನೀವು'. ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ "ನೀವು ಹೋಗಬೇಡಿ" ಎಂದಿತ್ತು. ಸೊಲಾಂಜ್ "ನೀನು ಹೋಗಬೇಡ" ಎಂದಳು.

"ನಿಲ್ಸಿ! ಇನ್ನೂ ಮುತ್ತೇ ಆಗಿಲ್ಲ, ಏನವಸರ ನಿಂಗೆ?" ಓಡೀಲ್ ರೇಗಿದಳು.

ಎರಡನೇ ಸಲವೂ ಅದೇ. ಒಂದಕ್ಷರ ತಪ್ಪದವಳು!

ರೆಜಿಸ್ ಹೆಡ್‌ಫೋನ್ ತೆಗೆದ. "ಸೊಲಾಂಜ್, ಇದನ್ನ ಯಾರಿಗೆ ಹೇಳ್ತಿದ್ದೀರಿ?"

"ಅವನಿಗೆ," ಎಂದು ಪರದೆ ತೋರಿಸಿದಳು. ಆಮೇಲೆ, "ಗೊತ್ತಿಲ್ಲ," ಎಂದಳು.

"ನನಗೆ ಅಂದ್ಕೊಂಡೆ."

"ನಿಮಗಾಗಿದ್ರೆ..." ಮೈಕು ಬಿಟ್ಟು ಅವನತ್ತ ತಿರುಗಿದಳು. "ನಿಮಗಾಗಿದ್ರೆ, ನೀವು ಹೋಗಬೇಡಿ ಅಂತಿದ್ದೆ."

"ಹಾಂ, ಈಗ ಸರಿಯಾಗಿ ಅಂದೆ!" ಓಡೀಲ್ ಕಾಗದದಿಂದ ತಲೆಯೆತ್ತದೆ ಹೇಳಿದಳು. "ರೆಜಿಸ್, ಮುಂದಿನ ಮಾತು ನಿಮ್ಮದು. 'ಕ್ಷಮಿಸಿ, ನಾನು ಹೊರಡಲೇಬೇಕು.'"

ರೆಜಿಸ್ ಸೊಲಾಂಜಳನ್ನೇ ನೋಡುತ್ತಿದ್ದ.

"ಅದನ್ನ ನಾನು ಹೇಳಲ್ಲ," ಎಂದ.