ಖಸಬ್‌ನಲ್ಲಿ ತಲೆ ನೆನೆಯದ ಈಜು

ಪುಟ ತಿರುಗಿಸಬೇಡಿ, ಸ್ವಲ್ಪ ತಾಳಿ. ಈ ವಾರ ಡಾಲ್ಫಿನ್ ಇದೆ, ನೆಟ್ಟಗೆ ನಿಂತ ಬೆಟ್ಟಗಳಿವೆ, ಗಾಜಿನ ಹಾಗಿರುವ ಸಮುದ್ರವೂ ಇದೆ. ಆದರೆ ನಾನು ಹೇಳಹೊರಟಿರುವುದು ಆ ಸಮುದ್ರದಲ್ಲಿ ಒಂದು ಕೂದಲೂ ಒದ್ದೆಯಾಗದಂತೆ ಈಜಿದ ಒಬ್ಬರ ಬಗ್ಗೆ. ಅವರು ನೀರಿಗಿಳಿಯಲು ಇನ್ನೂ ಸ್ವಲ್ಪ ಹೊತ್ತಿದೆ.

ಮುಸಂದಮ್ ಗೊತ್ತಲ್ಲ? ದುಬೈನಿಂದ ರಾಸ್ ಅಲ್ ಖೈಮಾ ದಾಟಿದರೆ ಒಮಾನ್ ಗಡಿ. ಆಮೇಲೆ ಕಡಲಂಚಿನ ರಸ್ತೆ, ಕೊನೆಗೆ ಖಸಬ್ ಎಂಬ ಊರು. ಟೂರಿನವರು ಇದನ್ನು ಅರೇಬಿಯಾದ ನಾರ್ವೆ ಎನ್ನುತ್ತಾರೆ. ಬೆಟ್ಟಗಳ ಸಂದಿಯಲ್ಲಿ ಸಮುದ್ರ ಒಳಗೆ ಬಂದಿರುವ ಫಿಯಾರ್ಡ್‌ಗಳಿವೆಯಂತೆ.

ನಾನು ಬಿಡುವೆನೇ? ವಾರವಿಡೀ ಇಂಟರ್‌ನೆಟ್ ಜಾಲಾಡಿದೆ. ನಾರ್ವೆಯ ಫಿಯಾರ್ಡ್‌ಗಳನ್ನು ಕೊರೆದದ್ದು ಹಿಮನದಿಗಳು. ಇಲ್ಲಿ ಹಿಮ ಎಲ್ಲಿಂದ ಬರಬೇಕು? ಇಲ್ಲಿ ನೆಲವೇ ಮೆಲ್ಲಮೆಲ್ಲಗೆ ತಗ್ಗಿ, ಕಣಿವೆಗಳಿಗೆ ಸಮುದ್ರ ನುಗ್ಗಿದೆ. ಅಂದರೆ ಇದು ಅಸಲಿ ಫಿಯಾರ್ಡೇ ಅಲ್ಲ. ಈ ಮಹಾ ಸತ್ಯವನ್ನು ದುಬೈಯ ಕರಾಮದಲ್ಲಿರುವ ನಮ್ಮ ರೂಮಿನಲ್ಲಿ ಘೋಷಿಸಿದೆ. ಟ್ರಿಪ್ ಬುಕ್ ಮಾಡಿದ್ದ ವಿಲ್ಸನ್ (ಶಿರ್ವದವನು, ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ) ತಲೆ ಎತ್ತಲಿಲ್ಲ.

"ನೀರುಂಟಾ? ಬೋಟ್ ಉಂಟಾ? ಊಟ ಉಂಟಾ? ಮತ್ತೆಂತ ನಿಂದು?"

ಹೀಗೆ ಹೊರಟವರು ಮೂವರು. ನಾನು, ವಿಲ್ಸನ್, ಮತ್ತೆ ರೂಮಿನ ಹಿರಿಯ ದಿನೇಶಣ್ಣ. ಮಲ್ಪೆಯವರು. ಅಪ್ಪ ಮೀನುಗಾರರು, ಇವರು ಇಲ್ಲೊಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ನಡೆಯಲು ಕಲಿಯುವ ಮೊದಲೇ ಈಜು ಕಲಿತವರು ಎಂದು ವಿಲ್ಸನ್ ಹೇಳುತ್ತಿದ್ದ. ದಾವಣಗೆರೆಯ ನನಗೆ ಬಕೆಟ್ಟಿನ ನೀರೇ ಆಳ.

ಒಮಾನ್ ಅಂದರೆ ಬೇರೆ ದೇಶ, ಪಾಸ್‌ಪೋರ್ಟ್ ಬೇಕು. ನಾನು ಸೂಟ್‌ಕೇಸಿನಿಂದ ತೆಗೆದೆ. ವಿಲ್ಸನ್ ದಿಂಬಿನ ಕೆಳಗಿಂದ ತೆಗೆದ. ದಿನೇಶಣ್ಣ ಅರ್ಜಿ ಕೊಡಬೇಕಾಯಿತು.

ಯಾಕೆಂದರೆ ಅವರ ಪಾಸ್‌ಪೋರ್ಟ್ ಕಂಪನಿಯ ತಿಜೋರಿಯಲ್ಲಿರುತ್ತದೆ. ಹಾಗೆ ಇಟ್ಟುಕೊಳ್ಳುವಂತಿಲ್ಲ ಎಂದು ಕೇಳಿದ್ದೇನೆ. ಆದರೂ ಇಟ್ಟುಕೊಳ್ಳುತ್ತಾರೆ. ಯಾಕೆ ಅಂದರೆ ಸೇಫ್ಟಿಗೆ ಅನ್ನುತ್ತಾರೆ. ಯಾರ ಸೇಫ್ಟಿಗೆ? ಅದನ್ನು ಯಾರೂ ಕೇಳುವುದಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗುವಾಗ ಕೈಗೆ ಬರುತ್ತದೆ, ವಾಪಸ್ ಬಂದ ಮೇಲೆ ಒಳಗೆ ಹೋಗುತ್ತದೆ.

ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಓ ಕಾಸರಗೋಡಿನವರು. ಒಮಾನಿನಲ್ಲಿ ಬೇರೆ ಕೆಲಸ ನೋಡಿದ್ದೀಯಾ ಎಂದು ಮೊದಲು ಅನುಮಾನಪಟ್ಟರಂತೆ. ಬೋಟ್ ಟ್ರಿಪ್ ಎಂದಾಗ, ಮಲ್ಪೆಯವನಿಗೆ ಬೋಟ್ ಹತ್ತಲು ಒಮಾನ್ ಬೇಕಾ ಎಂದು ನಕ್ಕರಂತೆ. ಕೊನೆಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಆಫೀಸು ತೆರೆದೊಡನೆ ವಾಪಸ್. ಕಳೆದರೆ, ಒದ್ದೆಯಾದರೆ, ಮುಂದಿನ ತಿಂಗಳ ರಜೆ ಖಲಾಸ್.

ಆ ರಜೆ ಬರೀ ರಜೆಯಲ್ಲ. ದಿನೇಶಣ್ಣನಿಗೆ ಮಗಳು ಹುಟ್ಟಿದ್ದಾಳೆ. ಅವರು ನೋಡಿರುವುದು ಮೊಬೈಲಿನಲ್ಲಿ ಮಾತ್ರ.

ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಮ್ಮೆ ಹೊರತೆಗೆದು ಫೋಟೋ ಪುಟ ನೋಡಿದರು. ದಟ್ಟ ಮೀಸೆಯ ಹುಡುಗನೊಬ್ಬ ಅದರಲ್ಲಿದ್ದ. ಈ ಜನವನ್ನು ಎಲ್ಲೋ ನೋಡಿದ ಹಾಗೆ ಉಂಟು ಎಂದು ಮತ್ತೆ ಒಳಗಿಟ್ಟರು.

ಬೋಟ್ ಚೆನ್ನಾಗಿತ್ತು. ಧೋ ಎಂಬ ಹಳೇ ಮಾದರಿಯ ಮರದ ದೋಣಿ, ಮೇಲೆ ಕಾರ್ಪೆಟ್, ಒರಗಲು ದಿಂಬು, ಹಾಲು ಹಾಕದ ಸುಲೈಮಾನಿ ಚಹಾ. ಎರಡೂ ಕಡೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ. ಪದರ ಪದರವಾಗಿ, ಯಾರೋ ಹಿಡಿದು ಬಗ್ಗಿಸಿದ ಹಾಗೆ. (ನೆಲ ತಗ್ಗಿದ ವಿಷಯ ಮತ್ತೆ ತೆಗೆದೆ. ವಿಲ್ಸನ್ ಕಿವಿಗೆ ಇಯರ್‌ಫೋನ್ ಹಾಕಿದ.) ಡಾಲ್ಫಿನ್‌ಗಳು ಬಂದವು. ಎಲ್ಲರೂ ಸಿಳ್ಳೆ ಹೊಡೆದರು. ನನ್ನ ಫೋನಿನಲ್ಲಿ ಬಂದದ್ದು ಬರೀ ನೀರು.

ಒಂದು ಪುಟ್ಟ ದ್ವೀಪದ ಹತ್ತಿರ ಲಂಗರು ಹಾಕಿದರು. ಈಜುವವರು ಈಜಿ ಎಂದರು. ಎಲ್ಲರ ಬ್ಯಾಗುಗಳು ಚಿಪ್ಸ್ ಪ್ಯಾಕೆಟ್‌ಗಳ ಜೊತೆ ಕಾರ್ಪೆಟ್ ಮೇಲೆ ಬಿದ್ದವು, ಅದರೊಳಗೇ ಪಾಸ್‌ಪೋರ್ಟ್‌ಗಳೂ. ವಿಲ್ಸನ್ ಲೈಫ್ ಜಾಕೆಟ್ ಹಾಕಿ ಧುಮುಕಿದ. ದಿನೇಶಣ್ಣ ಪೂರ್ತಿ ಬಟ್ಟೆಯಲ್ಲಿ ಕಟಕಟೆ ಹಿಡಿದು ನೀರನ್ನೇ ನೋಡುತ್ತಿದ್ದರು. ತಳದ ಕಲ್ಲು ಕಾಣುವಷ್ಟು ತಿಳಿ ನೀರು.

"ಎಂತ ದಿನೇಶಣ್ಣ, ಮಲ್ಪೆಯ ಮೀನಿಗೆಲ್ಲ ಮರ್ಯಾದೆ ಹೋಯ್ತು ನಿಮ್ಮಿಂದ," ಎಂದು ವಿಲ್ಸನ್ ಕೆಳಗಿಂದ ಕೆಣಕಿದ.

ಪಾಸ್‌ಪೋರ್ಟ್ ನನಗೆ ಕೊಡಿ, ನಾನು ಹಿಡಿದುಕೊಂಡಿರುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂಗೆ ಈಜ್ಲಿಕ್ಕೆ ಬರುದಿಲ್ಲ. ನೀನು ಬಗ್ಗಿ ಫೋಟೋ ತೆಗಿಲಿಕ್ಕೆ ಹೋಗಿ ಬಿದ್ದೆ ಅಂತ ಇಟ್ಕೊ. ನಾನು ಮೊದ್ಲು ಯಾರನ್ನು ಹಿಡಿಯುದು ಮಾರಾಯಾ, ನಿನ್ನನ್ನಾ ಪಾಸ್‌ಪೋರ್ಟನ್ನಾ?"

ಉತ್ತರ ನನಗೆ ಗೊತ್ತಿತ್ತು. ಕಟಕಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಆಮೇಲೆ ಅವರು ಚಿಪ್ಸ್ ಪ್ಯಾಕೆಟ್‌ಗಳ ಪಕ್ಕದ ಎರಡು ಪ್ಲಾಸ್ಟಿಕ್ ಚೀಲ ತಗೊಂಡರು. ಪಾಸ್‌ಪೋರ್ಟನ್ನು ಒಂದರೊಳಗೆ ಸುತ್ತಿ, ಅದನ್ನು ಇನ್ನೊಂದರೊಳಗೆ ಸುತ್ತಿ, ನೆತ್ತಿಯ ಮೇಲಿಟ್ಟು ಬೈರಾಸು ಎಂಬ ತೆಳು ಟವೆಲಿನಿಂದ ಬಿಗಿಯಾಗಿ ಮುಂಡಾಸು ಕಟ್ಟಿದರು. ಅಪ್ಪ ದೋಣಿಯಿಂದ ದಡಕ್ಕೆ ಈಜುವಾಗ ಬೀಡಿ, ಬೆಂಕಿಪೊಟ್ಟಣ ಹೀಗೇ ಕಟ್ಟುತ್ತಿದ್ದರಂತೆ. ಅಂಗಿ ಪ್ಯಾಂಟು ಕಳಚಿ ಚಡ್ಡಿಯಲ್ಲಿ ಏಣಿಯಿಂದ ಇಳಿದರು. ಧುಮುಕಲಿಲ್ಲ, ಇಳಿದರು.

ಕತ್ತು ನೆಟ್ಟಗೆ. ಮುಂಡಾಸು ಅಲುಗದ ಹಾಗೆ ಬೋಟಿಗೆ ಒಂದು ಸುತ್ತು ಬಂದರು. ಕಿನಾರೆಯಲ್ಲಿ ವಾಕಿಂಗ್ ಹೊರಟ ಯಜಮಾನರ ಹಾಗೆ. ಬೋಟಿನವರೆಲ್ಲ ನೋಡುತ್ತಿದ್ದರು. ಎರಡನೇ ಸುತ್ತಿಗೆ ಅವರ ಮುಖದಲ್ಲಿ ಸಣ್ಣ ನಗು ಬಂದಿತ್ತು.

ಆಗಲೇ ಒಂದು ಸ್ಪೀಡ್‌ಬೋಟ್ ಪಕ್ಕದಿಂದ ಹಾದುಹೋಯಿತು. ಅದರ ಅಲೆ ಹೊರಳುತ್ತಾ ಬಂತು. ಲೈಫ್ ಜಾಕೆಟ್ ಇದ್ದರೂ ವಿಲ್ಸನ್ ನೀರು ಕುಡಿದ. ದಿನೇಶಣ್ಣ ಎರಡೂ ಕೈ ಎತ್ತಿ ತಲೆ ಹಿಡಿದುಕೊಂಡರು. ಅಲೆ ಎದೆಗೆ ಬಂತು, ಗಲ್ಲಕ್ಕೆ ಬಂತು, ಮೂಗು ಮುಚ್ಚಿತು. ಕೈ ಇಳಿಯಲಿಲ್ಲ. ಬರೀ ಕಾಲು ಬಡಿಯುತ್ತಾ, ಪೊಲೀಸರು ಹಿಡಿದವರು ನಿಲ್ಲುವ ಹಾಗೆ, ಅವರು ನೀರಿನಲ್ಲಿ ನಿಂತಿದ್ದರು. ನಾನು ಫೋಟೋ ತೆಗೆಯಲಿಲ್ಲ.

ಮೇಲೆ ಬಂದು ಮುಂಡಾಸು ಬಿಚ್ಚಿದರು. ಬೈರಾಸಿನ ಅಂಚು ಒದ್ದೆ. ಒಳಗಿನ ಚೀಲ ಒಣಗಿಯೇ ಇತ್ತು. ಪಾಸ್‌ಪೋರ್ಟಿನ ಒಂದೊಂದೇ ಹಾಳೆ ತಿರುಗಿಸಿ ನೋಡಿದರು. ವಿಲ್ಸನ್ ಅವರಿಗೊಂದು ಗ್ಲಾಸ್ ಚಹಾ ತಂದುಕೊಟ್ಟ.

ಗಡಿಯಲ್ಲಿ ಆಫೀಸರ್ ಫೋಟೋ ನೋಡಿದ, ಮುಖ ನೋಡಿದ, ಠಸ್ಸೆ ಹೊಡೆದ. ಅವನಿಗೇನು ಗೊತ್ತು?

ಭಾನುವಾರ ಸಂಜೆ ದಿನೇಶಣ್ಣ ರೂಮಿಗೆ ಬಂದು ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತರು. ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿದೆ.

"ಕೊಟ್ಟು ಬಂದೆ. ಈಗ ನೆಮ್ಮದಿ."

ಅವರು ನಿಜವಾಗಿಯೂ ನೆಮ್ಮದಿಯಾಗಿದ್ದರು. ನನಗದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನದೇ ವಸ್ತು ತನ್ನ ಜೇಬಿನಲ್ಲಿರುವಷ್ಟು ದಿನ ಒಬ್ಬ ಮನುಷ್ಯನಿಗೆ ನೆಮ್ಮದಿ ಇರಲಿಲ್ಲ, ಬೇರೆಯವರ ತಿಜೋರಿಗೆ ಹೋದ ಮೇಲೆ ಬಂತು. ನೆಲ ತಗ್ಗುವುದೂ ಹೀಗೇ ಇರಬೇಕು, ಯಾರಿಗೂ ಸದ್ದು ಕೇಳಿಸುವುದಿಲ್ಲ.

ನಾನು ಎದ್ದು ಸೂಟ್‌ಕೇಸ್ ತೆರೆದು ನನ್ನದನ್ನು ಒಮ್ಮೆ ಮುಟ್ಟಿ ನೋಡಿದೆ.

ಶಾರ್ಜಾದಲ್ಲಿರಿ, ಅಬುಧಾಬಿಯಲ್ಲಿರಿ, ನಿಮ್ಮ ಅನುಭವವನ್ನೂ ಎರಡು ಸಾಲು ಬರೆದು ಕಳಿಸಿ. ಫಿಯಾರ್ಡ್ ನೋಡಿದ್ದೀರಾ ಎಂದು ಕೇಳುತ್ತಿಲ್ಲ. ನಿಮ್ಮ ಪಾಸ್‌ಪೋರ್ಟ್ ಈಗ ಯಾರ ಹತ್ತಿರ ಇದೆ?